ತಲೆ ಎಣಿಸಿದ್ದು ಎಲ್ಲಿ?

ಕುರ್ಚಿ ಹೋದವರು ಪುಸ್ತಕ ಬರೆಯುತ್ತಾರೆ. ಕುರ್ಚಿ ಕಿತ್ತವರೂ ಬರೆಯುತ್ತಾರೆ. ಗಾಂಧಿ ಬಜಾರಿಗೆ ಪುಸ್ತಕ ಕೊಳ್ಳಲು ಬಂದವರು, 'ಯಾರನ್ನು ನಂಬೋದು ಸ್ವಾಮಿ?' ಎಂದು ಕೇಳಿದರೆ ತಪ್ಪಿಲ್ಲ.

ಕಾಶ್ಮೀರದ್ದೇ ನೋಡಿ. 1984ರ ಜುಲೈ 2ರಂದು ಫಾರೂಕ್ ಅಬ್ದುಲ್ಲಾ ಸರ್ಕಾರ ವಜಾ ಆಯಿತು. ಮರುವರ್ಷವೇ ಫಾರೂಕ್ ತಮ್ಮ ಕಥೆ ಹೇಳಿಕೊಂಡರು. ವಜಾ ಮಾಡಿದ ರಾಜ್ಯಪಾಲ ಜಗಮೋಹನ್ 1991ರಲ್ಲಿ ಬರೆದರು. ವಜಾ ಮಾಡಲು ಒಪ್ಪದೆ ಗುಜರಾತಿಗೆ ವರ್ಗವಾಗಿದ್ದ ಹಿಂದಿನ ರಾಜ್ಯಪಾಲ ಬಿ.ಕೆ. ನೆಹರೂ 1997ರಲ್ಲಿ ಬರೆದರು. ಘಟನೆ ಒಂದು, ಖಾತೆ ಪುಸ್ತಕ ಮೂರು!

ಇನ್ನು ನಮ್ಮ ರಾಜ್ಯದ್ದೇ ಕೇಸು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಜನತಾ ದಳದ ಶಾಸಕ ಮೊಳಕೇರಿ ಪಕ್ಷ ಬಿಟ್ಟು, ಬೆಂಬಲ ವಾಪಸು ಎನ್ನುವ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಗಿತ್ತರು. 19ನೇ ತಾರೀಖು ದೆಹಲಿಗೆ ವರದಿ ಹೋಯಿತು. ಮಾರನೇ ದಿನ ಆ 19 ಮಂದಿಯಲ್ಲಿ ಏಳು ಜನ, 'ನಮ್ಮ ಸಹಿ ತಪ್ಪು ಹೇಳಿ ಹಾಕಿಸಿಕೊಂಡದ್ದು, ನಾವು ಸರ್ಕಾರದ ಕಡೆಯೇ' ಎಂದು ಬರೆದುಕೊಟ್ಟರು. ಬೊಮ್ಮಾಯಿ ಹೇಳಿದ್ದು ಇಷ್ಟೇ: ವಿಧಾನಸಭೆ ಕರೆಯುತ್ತೇನೆ, ಬೇಕಾದರೆ ಇನ್ನೂ ಬೇಗ ಕರೆಯುತ್ತೇನೆ, ಅಲ್ಲೇ ಎಣಿಸಿ. ರಾಜ್ಯಪಾಲರು ಕೇಳಲಿಲ್ಲ. ಆ ಏಳು ಪತ್ರ ಒತ್ತಡದಿಂದ ಬಂದವು ಎಂದು ಇನ್ನೊಂದು ವರದಿ ಕಳಿಸಿದರು. 21ಕ್ಕೆ ರಾಷ್ಟ್ರಪತಿ ಆಳ್ವಿಕೆ!

ಸಂಜೆ ಗಲ್ಲಾ ಎಣಿಸುವ ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪಾಲುದಾರರಲ್ಲಿ ಜಗಳ ಬಂದರೆ ದುಡ್ಡನ್ನು ಎಲ್ಲರ ಎದುರಿಗೇ ಎಣಿಸಬೇಕು. ಒಬ್ಬರು ಮನೇಲಿ ಕೂತು ಚೀಟಿ ಬರೆದರೆ ಲೆಕ್ಕವಾದೀತೇ?

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ವಜಾ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ, ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ಗೊತ್ತಾಗಬೇಕು. ಬೊಮ್ಮಾಯಿಗೆ ಸಿಕ್ಕಿದ್ದೇನು? ಕುರ್ಚಿಯಂತೂ ಅಲ್ಲ. ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದು ವರ್ಷಗಳೇ ಆಗಿದ್ದವು.

ವಜಾ ಆದಾಗ ರಾಷ್ಟ್ರಪತಿ ಆಗಿದ್ದ ಆರ್. ವೆಂಕಟರಾಮನ್ ಅವರ ನೆನಪಿನ ಪುಸ್ತಕ ಹೊರಬಂದದ್ದೂ ಅದೇ 1994ರಲ್ಲಿ. ಅದನ್ನೂ ಓದಿ, ತೀರ್ಪನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನೆನಪು ಬರೆಯುವವರು ತಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಹೇಳಬಲ್ಲರು. ಅದು ಬೇರೆ ಯಾವ ಕಾಗದದಲ್ಲೂ ಸಿಗದು. ಆದರೆ ತಾರೀಖು, ಪತ್ರ, ಸಹಿ ತಾಳೆ ನೋಡುವುದು ಓದುಗರ ಕೆಲಸ. ಗಾಂಧಿ ಬಜಾರಿಗೆ ಹತ್ತಿರದಲ್ಲೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಡಿ.ವಿ.ಜಿ.ಯವರು 1945ರಲ್ಲಿ ಅದನ್ನು ಕಟ್ಟಿದ್ದು ಜನಕ್ಕೆ ಇಂಥ ತಿಳಿವಳಿಕೆ ಬರಲೆಂದೇ.

2018ರ ಮೇನಲ್ಲಿ ಯಡಿಯೂರಪ್ಪನವರಿಗೆ ಸದನದಲ್ಲೇ ಬಹುಮತ ತೋರಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅವರು ಮತಕ್ಕೆ ಮುಂಚೆಯೇ ರಾಜೀನಾಮೆ ಕೊಟ್ಟರು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿತ್ತು. ಆ ಬಗ್ಗೆಯೂ ಮುಂದೆ ಪುಸ್ತಕಗಳು ಬಂದಾವು, ಶಾಸಕರು ಯಾಕೆ ಪಕ್ಷ ಬಿಟ್ಟರು ಎಂದು ಜಗಳವೂ ನಡೆದೀತು. ಅಂಕಿ ಬಗ್ಗೆ ಮಾತ್ರ ಜಗಳವಿಲ್ಲ; ಎಲ್ಲರ ಕಣ್ಣೆದುರು ಎಣಿಸಿದ್ದು.

ಸರ್ಕಾರ ಉರುಳಿದ ಪುಸ್ತಕ ಕೈಗೆ ಬಂದಾಗ ಮೊದಲು ಹುಡುಕಬೇಕಾದ್ದು ಆ ಪುಟವನ್ನೇ: ತಲೆ ಎಣಿಸಿದ್ದು ಎಲ್ಲಿ? ರಾಜಭವನದಲ್ಲೋ, ವಿಧಾನಸೌಧದಲ್ಲೋ?