ಪೊರಕೆ ಕೋಣೆಯಲ್ಲಿ ಸಿಕ್ಕ ಮುಖ

1981ರಲ್ಲಿ ನಾರ್ವೆಯ ಓಸ್ಲೊ ಹತ್ತಿರದ ಡಿಕೆಮಾರ್ಕ್ ಮಾನಸಿಕ ಆಸ್ಪತ್ರೆಯಲ್ಲಿ, ಕಸ ಗುಡಿಸುವವರ ಸಾಮಾನು ಇಡುವ ಕೋಣೆಯಿಂದ ಸಿನಿಮಾ ರೀಲಿನ ಕೆಲವು ಡಬ್ಬಿಗಳು ಹೊರಬಂದವು. ಅವನ್ನು ನಾರ್ವೆಯ ಚಲನಚಿತ್ರ ಸಂಸ್ಥೆಗೆ ಕಳಿಸಿದರು. ಅಲ್ಲೂ ಮೂರು ವರ್ಷ ಯಾರೂ ಮುಚ್ಚಳ ತೆಗೆಯಲಿಲ್ಲ. 1984ರಲ್ಲಿ ತೆಗೆದು ನೋಡಿದರೆ, ಸುಟ್ಟು ಬೂದಿಯಾಯಿತೆಂದು ಎಲ್ಲರೂ ಆಸೆ ಬಿಟ್ಟಿದ್ದ ಚಿತ್ರ ಒಳಗಿತ್ತು. ಡೆನ್ಮಾರ್ಕಿನ ನಿರ್ದೇಶಕ ಕಾರ್ಲ್ ಡ್ರೇಯರ್ 1928ರಲ್ಲಿ ತೆರೆಗೆ ತಂದ ಮೂಕಿ ಚಿತ್ರ, ‘ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’. ಸೆನ್ಸಾರಿನ ಕತ್ತರಿ ತಾಗದ ಪ್ರತಿ.

ಸುಟ್ಟದ್ದೂ ಸುಳ್ಳಲ್ಲ. ಫ್ರಾನ್ಸಿನಲ್ಲಿ ಚರ್ಚಿನ ಹಿರಿಯರೂ ಸರ್ಕಾರಿ ಸೆನ್ಸಾರೂ ಅದನ್ನು ಮೊದಲೇ ಕೊಯ್ದಿದ್ದರು. 1928ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಉಫಾ ಸ್ಟುಡಿಯೊದಲ್ಲಿ ಮೂಲ ನೆಗೆಟಿವ್ ಬೆಂಕಿಗೆ ಹೋಯಿತು. ಡ್ರೇಯರ್ ಕೈಕಟ್ಟಿ ಕೂರದೆ, ಬಳಸದೆ ಉಳಿದಿದ್ದ ಶಾಟ್‌ಗಳಿಂದ ಇನ್ನೊಂದು ನೆಗೆಟಿವ್ ಜೋಡಿಸಿದರು. ಮರುವರ್ಷ ಅದಕ್ಕೂ ಬೆಂಕಿ. ಆಗಿನ ನೈಟ್ರೇಟ್ ಫಿಲ್ಮು ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಜೋನ್ ಎಂಬ ಹುಡುಗಿಯನ್ನು ಜೀವಂತ ಸುಟ್ಟ ಕತೆಯನ್ನೂ ಎರಡು ಸಲ ಸುಟ್ಟಂತಾಯಿತು. ಆಮೇಲೆ ಅರೆಬರೆ ಪ್ರತಿಗಳಷ್ಟೇ ಓಡಾಡಿದವು. ಡ್ರೇಯರ್ 1968ರಲ್ಲಿ ತೀರಿಕೊಂಡರು. ಡಬ್ಬಿ ತೆರೆದದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಆ ಸಂಕಟ ನನಗಿನ್ನೂ ಹೋಗಿಲ್ಲ.

ಅಷ್ಟಕ್ಕೂ ಡಬ್ಬಿಯಲ್ಲಿದ್ದದ್ದು ಮುಖ್ಯವಾಗಿ ಒಂದು ಮುಖ. 1431ರಲ್ಲಿ ಇಂಗ್ಲಿಷರ ಹಿಡಿತದಲ್ಲಿದ್ದ ರುವಾನ್ ಪಟ್ಟಣದಲ್ಲಿ, ಹತ್ತೊಂಬತ್ತರ ಆಸುಪಾಸಿನ ಹಳ್ಳಿ ಹುಡುಗಿ ಜೋನಳನ್ನು ಪಾದ್ರಿಗಳೂ ಪಂಡಿತರೂ ಸುತ್ತುಗಟ್ಟಿ ವಿಚಾರಿಸಿದರು. ಗಂಡುಡುಗೆ ತೊಟ್ಟಳು, ದೈವವಾಣಿ ಕೇಳಿಸಿತೆಂದಳು ಎನ್ನುವುದು ಅವಳ ಮೇಲಿನ ಆರೋಪ. ಆ ವಿಚಾರಣೆಯ ದಾಖಲೆ ಉಳಿದಿದೆ, ಡ್ರೇಯರ್ ಅದನ್ನೇ ಆಧಾರವಾಗಿಟ್ಟುಕೊಂಡರು. ಇಂಗ್ಲಿಷರ ಎದುರು ಅವಳು ಗೆದ್ದ ಯುದ್ಧ ಚಿತ್ರದಲ್ಲಿಲ್ಲ. ಕುದುರೆಯಿಲ್ಲ, ಕತ್ತಿ ಹಿರಿಯುವುದಿಲ್ಲ.

ಇರುವುದು ಬರಿಯ ಚರ್ಮ. ಆ ಕಾಲದ ಸಾಮಾನ್ಯ ಫಿಲ್ಮಿನಲ್ಲಿ ಕೆಂಪು ಕಪ್ಪಾಗಿ ಬೀಳುತ್ತಿತ್ತು. ಅದಕ್ಕೇ ನಟರು ದಪ್ಪ ಬಣ್ಣ ಬಳಿದುಕೊಳ್ಳಬೇಕಿತ್ತು. ಡ್ರೇಯರ್ ಮತ್ತು ಛಾಯಾಗ್ರಾಹಕ ರುಡಾಲ್ಫ್ ಮಾಟೆ ಎಲ್ಲ ಬಣ್ಣವನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಬಳಸಿ, ಮೇಕಪ್ಪನ್ನೇ ಕೈಬಿಟ್ಟರು. ಒಣಗಿದ ತುಟಿ, ರೆಪ್ಪೆಯಂಚಿನ ನೀರು, ನ್ಯಾಯಾಧೀಶರ ಸುಕ್ಕು, ನರೂಲಿ ಎಲ್ಲ ಬಯಲಿಗೆ ಬಂದವು. ಕ್ಯಾಮೆರಾ ತಗ್ಗಿಸಲು ನೆಲದಲ್ಲಿ ಗುಂಡಿ ತೋಡಿದರು. ಅಲ್ಲಿಂದ ನೋಡಿದರೆ ಪಾದ್ರಿಗಳು ಮೈಮೇಲೆ ಬೀಳುವ ಗೋಡೆಗಳ ಹಾಗೆ ಬಾಗುತ್ತಾರೆ. ಜೋನಳ ಬೆನ್ನಿಗೆ ಬಿಳಿ ಗೋಡೆ, ಅವಿತುಕೊಳ್ಳಲು ಮೂಲೆಯೂ ಇಲ್ಲ. ಗಟ್ಟಿ ಹೆಣ್ಣೆಂದರೆ ಕಣ್ಣೀರು ಹಾಕದವಳು ಎಂದು ನಾವು ನಂಬಿಕೊಂಡು ಬಂದಿದ್ದೇವಲ್ಲ, ಅದು ತಪ್ಪೆಂದು ನನಗೆ ತಿಳಿಸಿದ್ದು ಈ ಮುಖ. ನಟಿ ಫಾಲ್ಕೊನೆಟ್ಟಿ ಉದ್ದಕ್ಕೂ ಅಳುತ್ತಾರೆ, ಅಳುತ್ತಲೇ ಉತ್ತರ ಕೊಡುತ್ತಾರೆ.

ಜೋನ್ ಒಮ್ಮೆ ಸೋಲುತ್ತಾಳೆ ಕೂಡ. ಚಿತೆಗೆ ಹೆದರಿ ತಪ್ಪೊಪ್ಪಿಗೆಗೆ ರುಜು ಹಾಕುತ್ತಾಳೆ. ಜೀವ ಉಳಿಯಿತು, ಇನ್ನು ಜೀವಾವಧಿ ಸೆರೆ. ಅವಳ ತಲೆ ಬೋಳಿಸುತ್ತಾರೆ. ಬಿದ್ದದ್ದು ಫಾಲ್ಕೊನೆಟ್ಟಿಯ ನಿಜವಾದ ಕೂದಲು. ನೆಲದ ಮೇಲಿನ ಕೂದಲನ್ನು ಗುಡಿಸುವಾಗ, ಸೆರೆಯಲ್ಲಿ ಅವಳು ಹೆಣೆದುಕೊಂಡಿದ್ದ ಹುಲ್ಲಿನ ಕಿರೀಟವೂ ಕಸದೊಡನೆ ಹೋಗುತ್ತದೆ. ಅವಳ ಕಣ್ಣು ಆ ಪೊರಕೆಯನ್ನೇ ಹಿಂಬಾಲಿಸುತ್ತದೆ. ಆಮೇಲೆ ನ್ಯಾಯಾಧೀಶರನ್ನು ಮತ್ತೆ ಕರೆಸುತ್ತಾಳೆ, ರುಜು ಹಾಕಿದ್ದು ಸುಳ್ಳಿಗೆ ಎಂದು ಹೇಳಲು.