ಸೋಡಾ ಸರೋವರದಲ್ಲೊಂದು ಹೆರಿಗೆಮನೆ!

ಬಟ್ಟೆ ಸೋಡಾ ಕಲಸಿದ ನೀರಿನಲ್ಲಿ ಕೈಯಿಟ್ಟಿದ್ದೀರಾ? ಬೆರಳು ಜಾರುತ್ತದೆ, ಚರ್ಮ ಚುರುಗುಟ್ಟುತ್ತದೆ. ಈಗ ಅಂಥದ್ದೇ ನೀರು ತುಂಬಿದ, ಐವತ್ತು ಕಿಲೋಮೀಟರಿಗೂ ಉದ್ದದ ಸರೋವರವೊಂದನ್ನು ಕಣ್ಮುಂದೆ ತಂದುಕೊಳ್ಳಿ!

ಕತೆಯಲ್ಲ, ನಿಜ! ತಾಂಜಾನಿಯಾದ ಉತ್ತರ ಅಂಚಿನ ನೇಟ್ರಾನ್ ಸರೋವರ. ಆಳ? 3 ಮೀಟರ್ ಕೂಡ ಇಲ್ಲ! ಬಿಸಿಲಿಗೆ ನೀರು 40 ಡಿಗ್ರಿ ದಾಟುತ್ತದೆ. ಪಿಎಚ್ 10ಕ್ಕೂ ಮೇಲೆ! ಒಳಬಂದ ನೀರಿಗೆ ಹೊರಹೋಗುವ ದಾರಿಯಿಲ್ಲ. ನೀರು ಆವಿಯಾಗುತ್ತದೆ, ಸೋಡಾ ಉಳಿಯುತ್ತದೆ.

ಇಷ್ಟೊಂದು ಸೋಡಾ ಎಲ್ಲಿಂದ? ದಕ್ಷಿಣಕ್ಕೆ ತಿರುಗಿ. ಅಗೋ, ಒಲ್ ಡೊಯಿನ್ಯೊ ಲೆಂಗಾಯ್! ಮಸಾಯಿ ಜನರ ದೇವರ ಬೆಟ್ಟ. ಹಗಲಿನಲ್ಲಿ ಇದರ ಲಾವಾ ಕೆಂಪಲ್ಲ, ಕಪ್ಪು! ಗಾಳಿಯ ತೇವ ತಾಗುತ್ತಾ ಹೋದಂತೆ ಬೆಳ್ಳಗಾಗಿಬಿಡುತ್ತದೆ! ಸೋಡಾ ತುಂಬಿದ ಇಂಥ ಲಾವಾ ಉಕ್ಕಿಸುವ ಜೀವಂತ ಜ್ವಾಲಾಮುಖಿ ಜಗತ್ತಿಗೆಲ್ಲ ಇದೊಂದೇ.

1950ರ ದಶಕದಲ್ಲಿ ಪಕ್ಷಿತಜ್ಞ ಲೆಸ್ಲಿ ಬ್ರೌನ್ ಈ ಸರೋವರದ ಕೆಸರನ್ನು ನಡೆದೇ ದಾಟಲು ಹೊರಟರು. ಆಗಲಿಲ್ಲ. ಕಾಲ ತುಂಬ ಬೊಬ್ಬೆ! ಆಸ್ಪತ್ರೆ ಸೇರಬೇಕಾಯಿತು.

ಯಾರನ್ನು ನೋಡಲು ಅಷ್ಟು ಪಾಡು? ಊಹಿಸಿ!

ಕಿರು ರಾಜಹಂಸ!

ಅದು ಉಣ್ಣುವ ಪರಿ ನೋಡಬೇಕು. ಉದ್ದ ಕೊರಳು ಬಾಗಿಸಿ, ತಲೆ ಬುಡಮೇಲು ಮಾಡಿ, ಕೊಕ್ಕನ್ನು ನೀರಿನ ಮೇಲ್ಪದರಕ್ಕೆ ತಾಗಿಸುತ್ತದೆ. ನಾಲಗೆ ಪಂಪಿನಂತೆ ನೀರೆಳೆದು ತಳ್ಳುತ್ತದೆ. ಕೊಕ್ಕಿನೊಳಗಿನ ನವಿರಾದ ಜರಡಿಯಲ್ಲಿ ಉಳಿಯುವುದು ಸ್ಪಿರುಲಿನಾ! ಹೌದು, ನಮ್ಮ ಔಷಧಿ ಅಂಗಡಿಯಲ್ಲಿ ಮಾತ್ರೆಯಾಗಿ ಸಿಗುತ್ತದಲ್ಲ, ಅದರ ಬಳಗವೇ. ಹಕ್ಕಿಯ ಗುಲಾಬಿ ಬಣ್ಣವೂ ಅದರದ್ದೇ ಕೊಡುಗೆ! ಮೈ ಸೇರಿದ ಹೆಚ್ಚಿನ ಉಪ್ಪು? ಮೂಗಿನ ಹೊಳ್ಳೆಯಿಂದ ಹನಿಹನಿಯಾಗಿ ಹೊರಗೆ!

ಗೂಡು ಕಟ್ಟಲು ಕೆಸರನ್ನು ಕೊಕ್ಕಿನಿಂದಲೇ ಎಳೆದೆಳೆದು ಗುಪ್ಪೆ ಮಾಡುತ್ತದೆ. ನೆತ್ತಿಯಲ್ಲೊಂದು ಕುಳಿ. ಕುಳಿಯಲ್ಲಿ ಒಂದೇ ಒಂದು ಮೊಟ್ಟೆ! ಕತ್ತೆಕಿರುಬ, ನರಿಗಳಿಗೆ ಅಲ್ಲಿಗೆ ದಾರಿಯೇ ಇಲ್ಲ. ಸುತ್ತಲೂ ಸುಡುವ ಸೋಡಾ!

ಈಗ ಹೇಳಿ, ಜಗತ್ತಿನ ಕಿರು ರಾಜಹಂಸಗಳಲ್ಲಿ ಎಷ್ಟು ಪಾಲು ಈ ಒಂದೇ ಸರೋವರದಲ್ಲಿ ಕಣ್ಣು ಬಿಡುತ್ತವೆ? ಹತ್ತರಲ್ಲೊಂದು? ಅರ್ಧ? ಇನ್ನೂ ಮೇಲೆ ಹೋಗಿ!

ನಾಲ್ಕರಲ್ಲಿ ಸುಮಾರು ಮೂರು!

ಇವು ಮರಿ ಮಾಡುವ ಉಳಿದ ತಾಣಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ನಮ್ಮ ಗುಜರಾತಿನ ಕಛ್ ರಣವೂ ಒಂದು! ಆ ಕಡೆ ಹೋದರೆ ಕೊಕ್ಕು ಗಮನಿಸಿ. ತುದಿ ಮಾತ್ರ ಕಪ್ಪಾಗಿದ್ದರೆ ಅದು ದೊಡ್ಡ ರಾಜಹಂಸ. ಕೊಕ್ಕು ಬಹುಪಾಲು ಕಡುಗೆಂಪಾಗಿದ್ದರೆ ಅದೇ ನಮ್ಮ ಕಿರು ರಾಜಹಂಸ.