ಕುಡಿಯಬಾರದ ನೀರು, ದ್ರವಗಳು: ಇಂಗ್ಲಿಷ್ ಎಚ್ಚರಿಕೆಗಳ ಅರ್ಥ

ಪಂಪುಮನೆ, ನೀರಿನ ತೊಟ್ಟಿ, ಕೀಟನಾಶಕದ ಡಬ್ಬಗಳ ಮೇಲಿನ ಎಚ್ಚರಿಕೆ ಅನೇಕ ವೇಳೆ ಇಂಗ್ಲಿಷಿನಲ್ಲಿರುತ್ತದೆ. ಆ ಪದಗಳೆಲ್ಲವೂ ಒಂದೇ ಅರ್ಥದವಲ್ಲ. ಯಾವುದು ರುಚಿಯ ಮಾತು, ಯಾವುದು ಆರೋಗ್ಯದ ಮಾತು, ಯಾವುದು ಪ್ರಾಣದ ಮಾತು ಎಂಬುದನ್ನು ರೈತ ಬಾಂಧವರು ಅರಿತಿರುವುದು ಅವಶ್ಯ.

ರುಚಿಯ ಮಾತು: 'ಬ್ರ್ಯಾಕಿಶ್' ಎಂದರೆ ಸವುಳು ನೀರು. 'ಅನ್‌ಡ್ರಿಂಕಬಲ್' ಎಂದರೆ ಕುಡಿಯಲಾಗದ್ದು. ಆರಿ ಕಹಿಯಾದ ಕಾಫಿಗೂ ಈ ಪದವನ್ನು ಬಳಸುವುದುಂಟು. ಇದರಲ್ಲಿ ಅಪಾಯದ ಅರ್ಥ ಇರಲೇಬೇಕೆಂದಿಲ್ಲ.

ಆರೋಗ್ಯದ ಮಾತು: 'ನಾನ್ ಪೋಟಬಲ್' ಎಂದರೆ ಕುಡಿಯಲು ಸುರಕ್ಷಿತವಲ್ಲದ್ದು. ಇಂಥ ನೀರು ತಿಳಿಯಾಗಿ, ಸಿಹಿಯಾಗಿಯೂ ಇರಬಹುದು. ಗೊಬ್ಬರದಿಂದ, ತಿಪ್ಪೆಯಿಂದ ಬಾವಿಗೆ ಬಸಿಯುವ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿ.ಗ್ರಾಂ., ಫ್ಲೋರೈಡು 1.5 ಮಿ.ಗ್ರಾಂ. ಮೀರಕೂಡದು. ಕುದಿಸಿದರೆ ಇವು ಹೋಗುವುದಿಲ್ಲ. ನೀರು ಆವಿಯಾಗಿ ಸಾಂದ್ರತೆ ಹೆಚ್ಚುತ್ತದೆ. ನೈಟ್ರೇಟು ಹೆಚ್ಚಿರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸುಗಳ ಮೈ ನೀಲಿಗಟ್ಟಬಹುದು. ಅದೇ ನೈಟ್ರೇಟು ಪೈರಿಗೆ ಪೋಷಕಾಂಶ.

'ಟ್ರೀಟೆಡ್' ಎಂದರೆ ಸಂಸ್ಕರಿಸಿದ್ದು ಎಂದಷ್ಟೇ ಅರ್ಥ, ಕುಡಿಯಲು ಯೋಗ್ಯವೆಂದಲ್ಲ. 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ಸಂಸ್ಕರಿತ ನೀರು ಈ ಬಗೆಯದು. ಅಂತರ್ಜಲ ಹೆಚ್ಚಿಸುವುದು ಅದರ ಉದ್ದೇಶ.

ಪ್ರಾಣದ ಮಾತು: 'ಪಾಯ್ಸನ್' ಎಂದರೆ ವಿಷ. 'ಪೋಟಬಲ್', 'ಪಾಯ್ಸನ್' ಎರಡೂ ಕುಡಿಯುವುದೆಂಬ ಅರ್ಥದ ಒಂದೇ ಲ್ಯಾಟಿನ್ ಮೂಲದಿಂದ ಬಂದವು. ಅರ್ಥ ಮಾತ್ರ ತದ್ವಿರುದ್ಧ. ಕೀಟನಾಶಕದ ಚೀಟಿಯಲ್ಲಿ ಕೆಂಪು ತ್ರಿಕೋನ, ತಲೆಬುರುಡೆ ಮತ್ತು 'ಪಾಯ್ಸನ್' ಇದ್ದರೆ ಅತ್ಯಂತ ವಿಷಕಾರಿ. ಹಳದಿ ತ್ರಿಕೋನದ ಜೊತೆಗೂ 'ಪಾಯ್ಸನ್' ಎಂದಿರುತ್ತದೆ. ನೀಲಿಗೆ 'ಡೇಂಜರ್', ಅಂದರೆ ಅಪಾಯ. ಹಸಿರಿಗೆ 'ಕಾಷನ್', ಅಂದರೆ ಎಚ್ಚರಿಕೆ. ಹಸಿರೆಂದರೆ ನಿರಪಾಯವೆಂದು ತಿಳಿಯಬಾರದು.

ಪಾಲಿಸಬೇಕಾದ ಕ್ರಮಗಳು:
1. ಕೀಟನಾಶಕವನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಎಂದೂ ಸುರಿದಿಡಬಾರದು. ಬಾಟಲಿ ಬದಲಾದರೆ ಎಚ್ಚರಿಕೆಯ ಚೀಟಿ ಹಿಂದೆಯೇ ಉಳಿಯುತ್ತದೆ.
2. ಕುಡಿಯಬಾರದ ನೀರಿನ ತೊಟ್ಟಿಯ ಮೇಲೆ 'ಕುಡಿಯಬೇಡಿ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿರಿ. ಕೂಲಿಯಾಳುಗಳಿಗೂ ಮಕ್ಕಳಿಗೂ ತಿಳಿಸಿರಿ.
3. ಕುಡಿಯುವ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ.
4. ಯಾರಾದರೂ ಕೀಟನಾಶಕ ನುಂಗಿದ್ದರೆ ಒಡನೆ ವೈದ್ಯರ ಬಳಿ ಕರೆದೊಯ್ಯಿರಿ. ಚೀಟಿ ಸಮೇತ ಡಬ್ಬವನ್ನೂ ಒಯ್ಯಿರಿ. ಚಿಕಿತ್ಸೆಗೆ ಬೇಕಾದ ವಿಷದ ಹೆಸರು ಅದರ ಮೇಲಿರುತ್ತದೆ.